ಕರೆಂಟ್ ಇಲ್ಲದಾಗ ಕೊಟ್ಟ ಆನ್

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆಂದು ನಮ್ಮ ಅತ್ತಿಗೆಗೆ ಬಹಳ ಕಾಲ ಗೊತ್ತಿರಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಏನೋ ಕುಟ್ಟುತ್ತಾಳೆ, ತಿಂಗಳಿಗೆ ಸಂಬಳ ಬರುತ್ತದೆ, ಅಷ್ಟೆ. ಈಗ ಗೊತ್ತಾಗಿದೆ. ಗೊತ್ತಾದ ರೀತಿ ಮಾತ್ರ ಯಾರ ಮನೆಗೂ ಬೇಡ.

ತುಮಕೂರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ ನಮ್ಮ ಆಫೀಸು. ತೋಟದ ಬೋರ್‌ವೆಲ್ ಮೋಟರನ್ನು ಫೋನಿನಿಂದ ಆನ್, ಆಫ್ ಮಾಡುವ ಪೆಟ್ಟಿಗೆಗಳನ್ನು ನಾವು ಮಾರುತ್ತೇವೆ. ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ. ಅದಕ್ಕೆ ಮೆಸೇಜು ಬಂದರೆ ಸ್ಟಾರ್ಟರ್ ಟಕ್ಕೆನ್ನುತ್ತದೆ, ಮೋಟರ್ ಓಡುತ್ತದೆ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಎಂದು ತೋಟದಲ್ಲೇ ಕಾದು ಕೂತು ಸಾಕಾಗಿದ್ದವರಿಗೆ ಇದು ದೊಡ್ಡ ಅನುಕೂಲ. ಗುಬ್ಬಿ ಕಡೆಯವರು, ಕುಣಿಗಲ್ ಕಡೆಯವರು, ತೆಂಗಿನ ತೋಟವಿರುವವರೆಲ್ಲ ಬಂದು ಕೊಂಡುಹೋಗುತ್ತಾರೆ. ಮೊದಲು ಅವರೇ ನೇರವಾಗಿ ಪೆಟ್ಟಿಗೆಗೆ ಮೆಸೇಜು ಹಾಕುತ್ತಿದ್ದರು. ಒಂದಕ್ಷರ ಹೆಚ್ಚುಕಡಿಮೆಯಾದರೆ ಮೋಟರ್ ಓಡುತ್ತಿರಲಿಲ್ಲ, ನಮಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಅದಕ್ಕೇ ಆಫೀಸಿನ ಯಜಮಾನರು ಒಂದು ಆ್ಯಪ್ ಮಾಡಿಸಿದರು. ಆ್ಯಪಿನಲ್ಲಿ ಒತ್ತಿದ್ದನ್ನು ತೆಗೆದುಕೊಂಡು ಪೆಟ್ಟಿಗೆಗೆ ಸರಿಯಾದ ಮೆಸೇಜು ಕಳಿಸುವ ಫಂಕ್ಷನ್, ಅಂದರೆ ಒಂದು ಪುಟ್ಟ ಪ್ರೋಗ್ರಾಂ, ಬರೆಯುವುದು ನನ್ನ ಪಾಲಿಗೆ ಬಂತು.

ಬಹಳ ಚಿಕ್ಕ ಕೆಲಸ ಅದು. ಮೋಟರ್ ನಂಬರು ಮತ್ತು ಆನ್ ಅಥವಾ ಆಫ್, ಇಷ್ಟೇ ಅದಕ್ಕೆ ಕೊಡಬೇಕಾದದ್ದು. ಕೊಟ್ಟರೆ ಎದ್ದು ಒಂದು ಕೆಲಸ ಮಾಡಿ ಮತ್ತೆ ಮಲಗುತ್ತದೆ. ಇದಕ್ಕೆ ಸರ್ವರ್‌ಲೆಸ್ ಅನ್ನುತ್ತಾರೆ. ಸರ್ವರ್ ಇಲ್ಲವೆಂದೇನಲ್ಲ, ಎಲ್ಲೋ ಯಾರದೋ ಇರುತ್ತದೆ, ಅದರ ಉಸಾಬರಿ ನಮಗಿಲ್ಲ ಅಷ್ಟೆ. ಬರೆದು, ಡಿಪ್ಲಾಯ್ ಎಂದು ಒತ್ತಿದರೆ ಮುಗಿಯಿತು, ನಮ್ಮ ಕೈಯಿಂದ ಹೋಗಿ ಅಲ್ಲಿ ಕೂರುತ್ತದೆ.

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಮನೆಗೆ ಬೀಗ ಹಾಕಿ ಬೀದಿ ತಿರುವಿನವರೆಗೆ ಹೋದಮೇಲೂ ಗ್ಯಾಸ್ ಆಫ್ ಮಾಡಿದೆನಾ ಎಂದು ವಾಪಸ್ ಬರುವ ಪೈಕಿ. ಹಾಗಾಗಿ ಆ ಫಂಕ್ಷನ್ನಿಗೆ ನಾನು ಕೊಡದ ಹಿಂಸೆಯಿಲ್ಲ. ನಂಬರಿನ ಜಾಗ ಖಾಲಿ ಬಿಟ್ಟೆ. ಕನ್ನಡದ ಅಂಕಿ ಹಾಕಿದೆ. ನಂಬರಿನ ಬದಲು ಮನುಷ್ಯರ ಹೆಸರು ಹಾಕಿದೆ, ಏಕೆಂದರೆ ನಮ್ಮ ಜನ ಅದನ್ನೂ ಹಾಕುತ್ತಾರೆ. ಆನ್, ಆಫ್ ಎರಡನ್ನೂ ಒಟ್ಟಿಗೆ ಕೊಟ್ಟೆ. ಸರಿಯಿಲ್ಲದ್ದನ್ನೆಲ್ಲ ಅದು ಬೇಡವೆಂದು ತಳ್ಳಿತು, ಸರಿಯಿದ್ದುದನ್ನು ತೆಗೆದುಕೊಂಡಿತು. ಸಾಲಾಗಿ ಹಸಿರು ಟಿಕ್ಕುಗಳು ಬಿದ್ದಾಗ ನನಗೆ ಜಂಬವೂ ಬಂತು. ಸುಳ್ಳೇಕೆ ಹೇಳಲಿ.

ಒಂದು ಶನಿವಾರ, ಉಪ್ಪಾರಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಕೂತು, ಬೆಳಗ್ಗೆಯೇ ಅದನ್ನು ಡಿಪ್ಲಾಯ್ ಮಾಡಿದೆ. ಮಾಡಿದ ಮೇಲೆ ಒಂದಾದರೂ ನಿಜವಾದ ಮೋಟರಿನ ನಂಬರು ಕೊಟ್ಟು ನೋಡದೆ ನನಗೆ ಸಮಾಧಾನವಿಲ್ಲ. ಗಿರಾಕಿಗಳ ಮೋಟರಿನ ಜೊತೆ ಆಟವಾಡುವ ಹಾಗಿಲ್ಲ. ಹೆಬ್ಬೂರಿನ ಹತ್ತಿರ ನಮ್ಮ ಅಣ್ಣನ ತೋಟದಲ್ಲಿ ನಾನೇ ಹಾಕಿಸಿಕೊಟ್ಟ ಒಂದು ಪೆಟ್ಟಿಗೆಯಿತ್ತು. "ನಮ್ದೇ ಮೋಟ್ರಲ್ವಾ, ನಿನ್ ಇಷ್ಟ ಬಂದಂಗ್ ಆಡ್ಸು ಕಣೇ" ಎಂದು ಅವನು ಎಂದೋ ಹೇಳಿದ್ದ.

ಆದರೂ ಮುನ್ನೆಚ್ಚರಿಕೆಯಿಂದ ಅತ್ತಿಗೆಗೆ ಫೋನ್ ಮಾಡಿ, ಕರೆಂಟಿದೆಯಾ ಎಂದು ಕೇಳಿದೆ.

"ಎಲ್ಲೀ ಕರೆಂಟು! ಈ ವಾರ ಎಲ್ಲಾ ಮಧ್ಯಾಹ್ನದ್ ಮೇಲೇ ಕಣಮ್ಮ ಕೊಡೋದು" ಎಂದರು.

ಒಳ್ಳೆಯದೇ ಆಯಿತು ಅಂದುಕೊಂಡೆ. ಕರೆಂಟಿಲ್ಲ, ಪೆಟ್ಟಿಗೆ ಸತ್ತು ಕೂತಿದೆ, ಮೋಟರ್ ಓಡುವ ಪ್ರಶ್ನೆಯೇ ಇಲ್ಲ. ನನಗೆ ಬೇಕಾದದ್ದು ಮೆಸೇಜು ಇಲ್ಲಿಂದ ಹೊರಡುತ್ತದೋ ಇಲ್ಲವೋ ಎಂಬುದು ಮಾತ್ರ. ಅಣ್ಣನ ಮೋಟರಿನ ನಂಬರು ಹಾಕಿ, ಆನ್ ಎಂದು ಕೊಟ್ಟೆ. ಹೊರಟಿತು. ಮತ್ತೆ ಹಸಿರು ಟಿಕ್ಕು. ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪೆಂಡಿಂಗ್ ಎಂದು ಬಂತು. ಬರಲೇಬೇಕು, ಅಲ್ಲಿ ಕರೆಂಟಿಲ್ಲವಲ್ಲ. ನಾನು ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಮೋಟರ್ ರಿಪೇರಿಗೆ ಕೈಹಾಕುವವರಿಗೆ ಒಂದು ರೂಢಿಯಿತ್ತು. ಮೊದಲು ಬೋರ್ಡಿನ ಫ್ಯೂಸುಗಳನ್ನು ಕಿತ್ತು, ಅಂಗಿ ಜೇಬಿಗೆ ಹಾಕಿಕೊಂಡು, ಆಮೇಲೆ ವೈರು ಮುಟ್ಟುವುದು. ಫ್ಯೂಸು ನನ್ನ ಜೇಬಿನಲ್ಲಿದೆ, ಹಾಗಾಗಿ ಯಾರು ಬಂದು ಏನು ಒತ್ತಿದರೂ ನನಗೇನಾಗುವುದಿಲ್ಲ ಎಂಬ ಧೈರ್ಯ. ಅತ್ತಿಗೆಯ ತವರು ಕೊತ್ತಗೆರೆ. ಅಲ್ಲಿ ಅವರ ಚಿಕ್ಕಪ್ಪ ಒಮ್ಮೆ ಫ್ಯೂಸು ಕೀಳದೆ ವೈರು ಮುಟ್ಟಿದ್ದರು. ಯಾರೋ ತಿಳಿಯದೆ ಸ್ಟಾರ್ಟರ್ ಒತ್ತಿದರು, ಅವರು ಏಳಲಿಲ್ಲ. ಆಮೇಲೆ ಆ ಮನೆಯಲ್ಲಿ ಬಲ್ಬು ಬದಲಾಯಿಸಬೇಕಾದರೂ ಫ್ಯೂಸು ಕೀಳುತ್ತಾರೆ. ಅತ್ತಿಗೆ ಮದುವೆಯಾಗಿ ಬಂದ ದಿನದಿಂದ ಅಣ್ಣನಿಗೂ ಅದನ್ನೇ ಹೇಳಿ ಹೇಳಿ ಅಭ್ಯಾಸ ಮಾಡಿಸಿದ್ದರು.

ನಾನು ಪೆಟ್ಟಿಗೆ ಹಾಕಿಸಿಕೊಟ್ಟ ಮೇಲೆ ಅಣ್ಣ ಆ ಅಭ್ಯಾಸ ಬಿಟ್ಟ. ಈಗ ಸ್ಟಾರ್ಟರ್ ಒತ್ತಲು ಯಾರೂ ಪಂಪ್ ಮನೆಗೆ ಹೋಗುವುದಿಲ್ಲ. ಮೋಟರ್ ಓಡಬೇಕಾದರೆ ಅವನ ಫೋನಿನಿಂದಲೇ ಓಡಬೇಕು. ಫ್ಯೂಸಿದ್ದ ಜೇಬಿನಲ್ಲಿ ಈಗ ಫೋನಿದೆ. ಅವನ ಲೆಕ್ಕದಲ್ಲಿ ಎರಡೂ ಒಂದೇ. ಅತ್ತಿಗೆ ಗೊಣಗಿದರೆ, "ಅವೆಲ್ಲ ನಿಮ್ಮಪ್ಪನ್ ಕಾಲುಕ್ಕಾಯ್ತು, ಬುಡು" ಎಂದು ನಗುತ್ತಿದ್ದ. ಅದನ್ನು ಕೇಳಿ ನಾನೂ ನಕ್ಕಿದ್ದೇನೆ.

ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಅತ್ತಿಗೆಯ ಫೋನು. ನಾಳೆ ಅವರೆಕಾಯಿ ಸಾರು ಮಾಡುತ್ತೇನೆ, ಊಟಕ್ಕೆ ಬಂದುಬಿಡು ಎಂದು ಕರೆಯಲು ಮಾಡಿದ್ದರು. ಅಣ್ಣನಿಗೆ ಫೋನು ಕೊಡಿ ಎಂದೆ.

"ನಿಮ್ಮಣ್ಣ ತೋಟದಾಗವ್ರೆ. ಬೋರ್ ಹತ್ರ ಇಲಿ ಕೇಬಲ್ ಕಡ್ದ್‌ಬುಟ್ಟದೆ. ಹೆಂಗೂ ಕರೆಂಟಿಲ್ವಲ್ಲ, ಅಷ್ಟ್ರೊಳಗೆ ಜಾಯಿಂಟ್ ಹಾಕ್ಬುಡ್ತೀನಿ ಅಂತ ಹೋದ್ರು."

ನಾನು ಕಂಪ್ಯೂಟರ್ ಕಡೆ ತಿರುಗಿದೆ. ತೆರೆಯ ಮೇಲೆ ಪೆಂಡಿಂಗ್ ಎಂಬ ಅಕ್ಷರ ಹಾಗೆಯೇ ಇತ್ತು.

ಫೋನ್ ಆಫ್ ಆಗಿದ್ದಾಗ ಬಂದ ಮೆಸೇಜು ಎಲ್ಲಿಗೂ ಹೋಗುವುದಿಲ್ಲ, ಆನ್ ಮಾಡಿದ ಕೂಡಲೇ ಬಂದು ಬೀಳುತ್ತದೆ. ಸಣ್ಣ ಮಕ್ಕಳಿಗೂ ಗೊತ್ತಿರುವ ವಿಷಯ. ಅಷ್ಟೊಂದು ಪರೀಕ್ಷೆ ಮಾಡಿದ ನನಗೆ ಅದು ಆ ಗಳಿಗೆಯವರೆಗೆ ಹೊಳೆದಿರಲಿಲ್ಲ. ನಾನು ಕೊಟ್ಟ ಆನ್ ಎಲ್ಲೋ ಗಾಳಿಯಲ್ಲಿ ಕಾಯುತ್ತಿತ್ತು. ಕರೆಂಟು ಬಂದರೆ ಪೆಟ್ಟಿಗೆ ಎಚ್ಚರವಾಗುತ್ತದೆ, ಪೆಟ್ಟಿಗೆ ಎಚ್ಚರವಾದರೆ ಮೆಸೇಜು ಬೀಳುತ್ತದೆ, ಸ್ಟಾರ್ಟರ್ ಟಕ್ಕೆನ್ನುತ್ತದೆ, ಮತ್ತು ಆ ಕೇಬಲ್ಲಿನ ಬರಿಯ ತಾಮ್ರ ಅಣ್ಣನ ಎರಡು ಕೈಗಳ ನಡುವೆ ಇರುತ್ತದೆ. ಕರೆಂಟಿಲ್ಲದ ಹೊತ್ತೇ ಕ್ಷೇಮವೆಂದು ನಾನು ಆರಿಸಿದ್ದೆ. ಅವನೂ ಹಾಗೆಂದುಕೊಂಡೇ ಹೋಗಿದ್ದ.

"ಅತ್ತಿಗೆ, ಅಣ್ಣ ಫ್ಯೂಸ್ ತೆಗ್ದವ್ನಾ?"

"ಎಲ್ ತೆಗೀತಾರೆ? ಫೋನ್ ನನ್ ಜೇಬಲ್ಲೇ ಐತಲ್ಲ ಅಂತಾರೆ. ಯಾಕಮ್ಮ?"

ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ನಾನು ಮೋಟರಿಗೆ ಆನ್ ಕೊಟ್ಟಿದ್ದೇನೆ, ಕರೆಂಟ್ ಬಂದರೆ ತಾನಾಗಿ ಓಡುತ್ತದೆ, ಅಣ್ಣನನ್ನು ಅಲ್ಲಿಂದ ಎಬ್ಬಿಸಿ ಎಂದಷ್ಟೇ ಬಾಯಿಂದ ಬಂತು. ಅವರು ಫೋನು ಕೈಯಲ್ಲಿ ಹಿಡಿದುಕೊಂಡೇ ಓಡಿದರು. ಮನೆಯಿಂದ ತೋಟಕ್ಕೆ ರಾಗಿ ಹೊಲ ದಾಟಿ ಹೋಗಬೇಕು. ಅವರ ಉಸಿರು, ಬಳೆ ಸದ್ದು, ಪೈರು ಸೆರಗಿಗೆ ಉಜ್ಜುವ ಸದ್ದು, ಎಲ್ಲ ನನ್ನ ಕಿವಿಯಲ್ಲಿ.

ನನ್ನ ಗಂಡ ಮನೆಯಲ್ಲೇ ಬಿಟ್ಟುಹೋಗಿದ್ದ ಫೋನಿನಿಂದ ಅಣ್ಣನಿಗೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಎರಡು ಕೈಯಲ್ಲೂ ಕೆಲಸವಿರುವವನು ಹೇಗೆ ಎತ್ತುತ್ತಾನೆ? ಫಂಕ್ಷನ್ನನ್ನೇ ಅಳಿಸಿ ಹಾಕಿದೆ. ಅಳಿಸಿದ ಮೇಲೆ, ಅದರಿಂದ ಏನೂ ಆಗುವುದಿಲ್ಲ, ಮೆಸೇಜು ಆಗಲೇ ಹೊರಟುಹೋಗಿದೆ ಎಂದು ನೆನಪಾಯಿತು. ಮತ್ತೆ ಡಿಪ್ಲಾಯ್ ಮಾಡಿ, ಅದೇ ನಂಬರಿಗೆ ಆಫ್ ಕೊಟ್ಟೆ. ಅದೂ ಪೆಂಡಿಂಗ್ ಎಂದಿತು. ಈಗ ಒಂದು ಆನ್, ಅದರ ಹಿಂದೆ ಒಂದು ಆಫ್, ಎರಡೂ ಕಾಯುತ್ತಿದ್ದವು. ನಾನು ದೇವರ ಮೇಲೆ ಅಷ್ಟೇನೂ ನಂಬಿಕೆಯಿಟ್ಟವಳಲ್ಲ. ಆ ಹೊತ್ತು ಮನೆದೇವರ ಹೆಸರು ನಾಲಗೆ ಮೇಲೆ ತಾನಾಗಿಯೇ ಬರುತ್ತಿತ್ತು.

ಕರೆಂಟು ಮಧ್ಯಾಹ್ನ ಬರಬೇಕಿತ್ತು. ಮಧ್ಯಾಹ್ನವಾಗಲು ಇನ್ನೂ ಹೊತ್ತಿತ್ತು. ಆದರೆ ಅದು ಯಾವತ್ತು ಹೇಳಿದ ಹೊತ್ತಿಗೆ ಬಂದಿದೆ?

ತೆರೆಯ ಮೇಲೆ ಒಂದು ಅಕ್ಷರ ಬದಲಾಯಿತು. ಆಫ್ ಎಂದು ಕೊಟ್ಟಿದ್ದರ ಪಕ್ಕ ಡೆಲಿವರ್ಡ್ ಎಂದು ಬಂತು. ಅಂದರೆ ಕರೆಂಟು ಬಂದಿದೆ, ಪೆಟ್ಟಿಗೆ ಎದ್ದಿದೆ, ಆಫ್ ತಲುಪಿದೆ. ಉಸಿರು ಬಿಟ್ಟೆ. ಬಿಟ್ಟು ಮುಗಿಸುವ ಮೊದಲೇ ಮೇಲಿನ ಸಾಲಿನ ಆನ್ ಕೂಡ ಡೆಲಿವರ್ಡ್ ಆಯಿತು. ಹಿಂದೆ ಹೊರಟದ್ದು ಮುಂದೆ ಹೋಗಿ, ಮುಂದೆ ಹೊರಟದ್ದು ಹಿಂದೆ ಬಂದಿತ್ತು. ನನ್ನ ಆಫ್ ಯಾವ ಉಪಯೋಗಕ್ಕೂ ಬಾರದೆ ಬಿದ್ದಿತ್ತು, ಮೋಟರಿಗೆ ಸಿಕ್ಕ ಕೊನೆಯ ಮಾತು ಆನ್.

ಫೋನಿನಲ್ಲಿ ಅತ್ತಿಗೆ "ರೀ... ಬುಡ್ರೀ... ಬುಡ್ರೀ ಅದ್ನ" ಎಂದು ಕೂಗಿದ್ದು ಕೇಳಿಸಿತು. ಒಂದು ಚಟಚಟ ಸದ್ದು. ಫೋನು ಎಲ್ಲೋ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಲೈನು ಕಟ್ಟಾಗಿರಲಿಲ್ಲ, ದೂರದಲ್ಲಿ ಒಂದು ಕಾಗೆ ಕೂಗುವುದು ಸಹ ಕೇಳುತ್ತಿತ್ತು. ನಾನು "ಅಣ್ಣ, ಅಣ್ಣ" ಎಂದು ಕಿರುಚುತ್ತಿದ್ದೆನಂತೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತಿದ್ದರಂತೆ. ನನಗೆ ಅದೊಂದೂ ನೆನಪಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಣ್ಣನ ದನಿ ಬಂತು. "ಏನಮ್ಮಿ, ನಿನ್ ಟೆಸ್ಟು ಪಾಸಾಯ್ತಾ?"

ಅತ್ತಿಗೆ ಕೂಗಿದ್ದಕ್ಕೆ, ಇವಳಿಗೇನು ಬಂತೆಂದು ಸಿಟ್ಟಿನಿಂದ ಕೇಬಲ್ ಕೆಳಗೆ ಹಾಕಿ ಎದ್ದಿದ್ದನಂತೆ. ಅವನು ಏಳುವುದಕ್ಕೂ ಅದು ಒದ್ದೆ ನೆಲದ ಮೇಲೆ ಕಿಡಿ ಕಾರುವುದಕ್ಕೂ ಸರಿಹೋಯಿತು. ಕಾಲು ಜುಮ್ಮೆಂದು ಹಿಂದಕ್ಕೆ ಬಿದ್ದ. ಮೊಣಕೈ ತರಚಿತ್ತು, ಅಷ್ಟೆ. ಅತ್ತಿಗೆ ಪಂಪ್ ಮನೆಗೆ ನುಗ್ಗಿ ಮೇನ್ ಸ್ವಿಚ್ ಎಳೆದಿದ್ದರು. ಅವನು ನಗುತ್ತಲೇ ಹೇಳಿದ. ಅವನ ನಗು ಕೇಳಿ ನಾನು ಗಟ್ಟಿಯಾಗಿ ಅತ್ತೆ.

ಆ ಸಂಜೆಯೇ ಫಂಕ್ಷನ್ನಿಗೆ ಒಂದು ಸಾಲು ಸೇರಿಸಿದೆ. ಒಂದು ನಿಮಿಷದೊಳಗೆ ತಲುಪದ ಮೆಸೇಜನ್ನು ಬಿಸಾಕಿಬಿಡು ಎಂದು. ಒಂದೇ ಸಾಲು. ಅದನ್ನು ಬರೆಯಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಸೋಮವಾರ ಆಫೀಸಿನ ಯಜಮಾನರು ಮುಖ ಗಂಟಿಕ್ಕಿಕೊಂಡು, "ಕರೆಂಟ್ ಇಲ್ದಾಗ ಕೊಟ್ಟಿದ್ದು ಕರೆಂಟ್ ಬಂದ್ಮೇಲೆ ತಾನೇ ಓಡ್ಲಿ ಅಂತಾನೇ ಜನ ಕೇಳೋದಲ್ವೇನಮ್ಮ?" ಎಂದರು. ಆ ಸಾಲು ತೆಗೆದರೆ ನಾನೂ ಹೋಗುತ್ತೇನೆ ಎಂದೆ. ಆ ಸಾಲು ಉಳಿಯಿತು. ಆದರೆ ಆ್ಯಪ್ ಬೇಡವೆಂದು ಹಳೆಯ ರೀತಿ ನೇರವಾಗಿಯೇ ಮೆಸೇಜು ಹಾಕುವವರು ಇನ್ನೂ ಇದ್ದಾರೆ. ಅವರ ಮೆಸೇಜು ನನ್ನ ಫಂಕ್ಷನ್ ಮೂಲಕ ಹೋಗುವುದಿಲ್ಲ, ಅದಕ್ಕೆ ನಾನು ಏನೂ ಮಾಡಲಾರೆ. ಗುಬ್ಬಿಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆಬದಿಯ ತೋಟಗಳಲ್ಲಿ ಯಾರಾದರೂ ಬೋರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರೆ, ಬಸ್ಸು ಮುಂದೆ ಹೋಗುವವರೆಗೂ ಕುತ್ತಿಗೆ ತಿರುಗಿಸಿ ನೋಡುತ್ತೇನೆ.

ಅತ್ತಿಗೆ ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಜಗಳವಾಡಿ ಹಗುರಾಗುತ್ತಿದ್ದೆವು. ಈಗಲೂ ಭಾನುವಾರ ಊಟಕ್ಕೆ ಕರೆಯುತ್ತಾರೆ, ಮುದ್ದೆಗೆ ತುಪ್ಪ ಮೊದಲಿನಷ್ಟೇ ಹಾಕುತ್ತಾರೆ. ಆದರೆ ನಾನು ಹೊಸಲು ದಾಟಿದ ಕೂಡಲೇ ಕೈಚಾಚಿ, "ಎಲ್ಲಮ್ಮ, ನಿನ್ ಫೋನ್ ಕೊಡು ಇತ್ಲಾಗೆ" ಎನ್ನುತ್ತಾರೆ. ನನಗೆ ಅವಮಾನವಾಗುತ್ತದೆ, ಸಿಟ್ಟೂ ಬರುತ್ತದೆ. ಕೊಡುತ್ತೇನೆ. ಅದನ್ನು ಅಡುಗೆಮನೆಯ ಶೆಲ್ಫಿನ ಮೇಲೆ, ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಡುತ್ತಾರೆ. ಅಣ್ಣ ತೋಟದಿಂದ ಬಂದು, ಕೈಕಾಲು ತೊಳೆದು, ಎಲೆಯ ಮುಂದೆ ಕೂತ ಮೇಲೆಯೇ ಅದನ್ನು ಇಳಿಸಿ ನನ್ನ ಕೈಗೆ ಕೊಡುವುದು.