ಹಂಚಿನ ಮೇಲೆ ಸುಟ್ಟ ಬ್ರೆಡ್ಡು, ಹಸಿ ಟೊಮ್ಯಾಟೊ

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಗಳಾಗಿದ್ದವು. ವಾಡಿಯ ಸಿಮೆಂಟು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಾವು ಮೂವರಿದ್ದೆವು: ಕಾರ್ಖಾನೆಯ ಆಫೀಸಿನಲ್ಲಿದ್ದ ಗಂಡ, ಅತ್ತೆ, ನಾನು. ನಾಲ್ಕನೆಯವಳೊಬ್ಬಳು ಬರಬೇಕಿತ್ತು. ದಿನ ತುಂಬಿ, ಗುಲಬರ್ಗಾದ ಆಸ್ಪತ್ರೆಯಲ್ಲಿ, ಉಸಿರಿಲ್ಲದೆ ಹುಟ್ಟಿದಳು.

ಮನೆಗೆ ಬಂದ ಮೇಲೆ ನಾನು ಅಳಲಿಲ್ಲ. ಅಳು ಬಾರದಿರುವುದು ವಿಚಿತ್ರವೆಂದೂ ಅನಿಸಲಿಲ್ಲ. ಕರೆದರೆ ತಾಟಿನ ಮುಂದೆ ಕೂರುತ್ತಿದ್ದೆ, ಎರಡು ತುತ್ತು ಉಂಡು ಏಳುತ್ತಿದ್ದೆ. ಶಹಾಬಾದಿನ ಶಾಲೆಯಲ್ಲಿ ಟೀಚರಾಗಿದ್ದೆ, ಹೆರಿಗೆ ರಜೆ ಇನ್ನೂ ಉಳಿದಿತ್ತು. ಮಧ್ಯಾಹ್ನವೆಲ್ಲ ಫರಸಿ ಕಲ್ಲಿನ ನೆಲದ ಮೇಲೆ ಮಲಗಿ ಟಿ.ವಿ. ನೋಡುತ್ತಿದ್ದೆ. ನೋಡುತ್ತಿದ್ದೆ ಅನ್ನುವುದೂ ಸರಿಯಲ್ಲ. ಅದು ನಡೆಯುತ್ತಿತ್ತು, ನಾನು ಅದರೆದುರು ಇರುತ್ತಿದ್ದೆ.

ಒಂದು ದಿನ ಅಡುಗೆ ಕಾರ್ಯಕ್ರಮದಲ್ಲಿ ಒಬ್ಬಾಕೆ ಇಟಲಿಯ ತಿಂಡಿ ಮಾಡಿ ತೋರಿಸಿದಳು. ಬ್ರೆಡ್ಡು ಸುಟ್ಟು, ಅದಕ್ಕೆ ಹಸಿ ಬೆಳ್ಳುಳ್ಳಿ ತಿಕ್ಕಿ, ಹೆಚ್ಚಿದ ಟೊಮ್ಯಾಟೊ ಹಾಕಿ, ಮೇಲೆ ಆಲಿವ್ ಎಣ್ಣೆ ಹನಿಸಿದಳು. ತಿಂಡಿಯ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಆದರೆ ಆ ಎಣ್ಣೆ ನಮ್ಮ ಮನೆಯಲ್ಲಿತ್ತು. ನಮ್ಮ ಕಡೆ ಅದು ಕಿರಾಣಿ ಅಂಗಡಿಯಲ್ಲಿ ಅಲ್ಲ, ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು, ಎಳೆಕೂಸಿನ ಮೈ ತಿಕ್ಕಲು. ಗಂಡ ಹೆರಿಗೆಗೆ ಮೊದಲೇ ಒಂದು ಡಬ್ಬಿ ತಂದು ಕಪಾಟಿನಲ್ಲಿಟ್ಟಿದ್ದರು. ಅದನ್ನು ಯಾರೂ ಮುಟ್ಟಿರಲಿಲ್ಲ.

ನಾನು ಎದ್ದೆ. ಯಾಕೆ ಎದ್ದೆನೋ ಇವತ್ತಿಗೂ ಹೇಳಲಾರೆ. ಚಹಾದಲ್ಲಿ ಅದ್ದಿಯಾದರೂ ತಿನ್ನಲಿ ಎಂದು ಗಂಡ ತಂದ ಬ್ರೆಡ್ಡು ಹಾಗೇ ಬಿದ್ದಿತ್ತು. ಟೊಮ್ಯಾಟೊ ಇದ್ದವು. ಬೆಳ್ಳುಳ್ಳಿ ಮಾತ್ರ ನಮ್ಮ ವೈಷ್ಣವರ ಮನೆಯೊಳಗೆ ಬರುತ್ತಿರಲಿಲ್ಲ. ಪಕ್ಕದ ಮನೆಯ ಮುಸ್ಲಿಂ ಹೆಂಗಸಿನ ಬಾಗಿಲಿಗೆ ಹೋಗಿ ಒಂದೆರಡು ಎಸಳು ಕೇಳಿದೆ. ಆಸ್ಪತ್ರೆಯಿಂದ ಬಂದಮೇಲೆ ನಾನು ಹೊಸ್ತಿಲು ದಾಟಿದ್ದು ಅದೇ ಮೊದಲು. ಆಕೆ ಇಡೀ ಗಡ್ಡೆಯನ್ನೇ ನನ್ನ ಕೈಯಲ್ಲಿಟ್ಟಳು.

ತಿರುಗಿ ಬಂದಾಗ ಅಡುಗೆಮನೆಯಲ್ಲಿ ಅತ್ತೆ ನಿಂತಿದ್ದರು. ನನ್ನ ಕೈ ನೋಡಿದರು. ಬೈಯುತ್ತಾರೆಂದು ತಿಳಿದು, ಹೊರಗೆ ಕೂತು ಸುಲಿಯುತ್ತೇನೆ ಎಂದೆ.

“ಯಾಕವಾ, ಇಲ್ಲೇ ಸುಲಿ. ಬಾಣಂತಿಗಿ ಬಳ್ಳೊಳ್ಳಿ ನಡೀತದ,” ಎಂದರು. ಚಾಕು ನನ್ನ ಕಡೆ ಸರಿಸಿ, “ನೀನೂ ಬಾಣಂತಿನೇ ಇದ್ದಿ,” ಎಂದರು.

ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಕೂಸಿಲ್ಲದವಳನ್ನು ಯಾರು ಬಾಣಂತಿ ಎನ್ನುತ್ತಾರೆ? ನಾನು ಹಂಚು ಕಾಯಲಿಟ್ಟೆ. ಬ್ರೆಡ್ಡಿನ ಒಂದು ಅಂಚು ಕರಕಾಯಿತು. ಟಿ.ವಿ.ಯಲ್ಲಿ ಹಾಕಿದ್ದ ಸೊಪ್ಪು ತುಳಸಿಯಂತೆ ಕಂಡಿತ್ತು. ಪೂಜೆಯ ತುಳಸಿಗೆ ಕೈ ಹಚ್ಚಲಾರದೆ ಕೊತ್ತಂಬರಿ ಹೆಚ್ಚಿದೆ. ಕೊನೆಗೆ ಡಬ್ಬಿಯ ಮುಚ್ಚಳ ಬಿಚ್ಚಿದೆ.

“ಇದು ಆ ಎಣ್ಣಿ ಅಲ್ಲೇನು?” ಅತ್ತೆ ಕೇಳಿದರು.

“ಹೌದ್ರಿ ಅತ್ಯಾ.”

ಅವರು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದರು. “ನನಗೂ ಒಂದು ಕೊಡು. ಬಳ್ಳೊಳ್ಳಿ ತಿಕ್ಕಬ್ಯಾಡ.”

ಬೇಕರಿಯದ್ದೇನನ್ನೂ ಎಂದೂ ಬಾಯಿಗಿಟ್ಟವರಲ್ಲ ಅವರು. ಅದನ್ನು ತಿನ್ನುತ್ತಲೇ ಅತ್ತರು, ಸದ್ದಿಲ್ಲದೆ, ಅಗಿಯುವುದನ್ನು ನಿಲ್ಲಿಸದೆ. ನಾನು ನೋಡುತ್ತ ಕೂತು ನನ್ನ ಪಾಲಿನದನ್ನು ತಿಂದೆ. ನನ್ನ ಕಣ್ಣು ಒಣಗಿಯೇ ಇದ್ದವು. ಎಣ್ಣೆಗೆ ಅಂಥಾ ರುಚಿಯೇನೂ ಇರಲಿಲ್ಲ, ಟೊಮ್ಯಾಟೊ ಹುಳಿಯಾಗಿತ್ತು. ಸಂಜೆ ಗಂಡ ಬಂದು, ಡಬ್ಬಿ ನೋಡಿ, ನಿಂತೇ ಎರಡು ತುಂಡು ತಿಂದರು. ಉಪ್ಪು ಕಡಿಮೆಯಾಗಿದೆ ಎಂದರು.

ಮರುವಾರ, ರಜೆ ಉಳಿದಿದ್ದರೂ, ಗಾಡಿ ಹತ್ತಿ ಶಾಲೆಗೆ ಹೋದೆ. ಸುದ್ದಿ ತಿಳಿಯದ ಹೊಸ ಟೀಚರೊಬ್ಬಳು ನಗುತ್ತ ಬಂದು ಗಂಡೋ ಹೆಣ್ಣೋ ಎಂದು ಕೇಳಿದಳು. ಉಳಿದವರು ತಲೆ ತಗ್ಗಿಸಿದರು.

“ಹೆಣ್ಣು,” ಎಂದೆ. ಉಳಿದದ್ದನ್ನೂ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡಳು. ಗಂಟೆ ಬಾರಿಸುವವರೆಗೆ ಕೈ ಅಲ್ಲೇ ಬಿಟ್ಟಿದ್ದೆ. ಆಮೇಲೆ ತರಗತಿಗೆ ಹೋಗಿ ಪಾಠ ಮಾಡಿದೆ. ಮನೆಗೆ ಬಂದಾಗ ಹಸಿವಾಗಿತ್ತು. ಅತ್ತೆ ಬಡಿಸಿದ್ದನ್ನೆಲ್ಲ ಉಂಡೆ.