ನೆಕ್ಕಿಸೊಪ್ಪು ಮತ್ತು ಮೊಮ್ಮಗಳ ತೊಟ್ಟಿಲು

ನನಗೆ ಮೊಮ್ಮಗಳು, ಮಗಳ ಮಗಳು, ಹುಟ್ಟಿದ್ದಾಳೆ. ಇದನ್ನು ನೆರೂಳದ ನಮ್ಮ ಫ್ಲ್ಯಾಟ್ ಸೊಸೈಟಿಯ ವಾಚ್‌ಮನ್‌ಗೆ ಮೂರು ಸಲ ಹೇಳಿದ್ದೇನೆ, ಹಾಲಿನವನಿಗೆ ಎರಡು ಸಲ. ಏಳನೇ ಕ್ಲಾಸು ದಾಟದವನು ನಾನು. ಆದರೂ ಬರೆದಿಡದಿದ್ದರೆ ಸಮಾಧಾನವಿಲ್ಲ.

ನಮ್ಮ ಮನೆಯ ಕ್ರಮದಲ್ಲಿ, ತೊಟ್ಟಿಲಿಗೆ ಹಾಕುವ ದಿನ ಅಜ್ಜನೇ ಮಗುವನ್ನು ಎತ್ತಿಕೊಂಡು ಕಿವಿಯಲ್ಲಿ ಹೆಸರು ಹೇಳಬೇಕು. ಪಕ್ಕದ ಠಾಣೆ ಊರಿನ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹೊಯ್ದ ನನ್ನ ಬಲಭುಜವೋ ನೋವಿನಿಂದ ಮೇಲೇಳದು. ಶಾಸ್ತ್ರಕ್ಕೆ ನಾಲ್ಕೇ ದಿನ ಉಳಿದಿತ್ತು. ಕೈ ಸೋತು ಕೂಸು ಜಾರಿದರೆ ಎಂದು ಹೆದರಿಕೆ.

ಸ್ಟೇಶನ್ ಹಿಂದಿನ ಬೇಲಿಯಲ್ಲಿ ತಿಳಿನೀಲಿ ಹೂ ಬಿಟ್ಟ ನೆಕ್ಕಿಗಿಡವಿದೆ. ಇಲ್ಲಿಯವರು ನಿರ್ಗುಡಿ ಎನ್ನುತ್ತಾರೆ. ಎಲೆ ತಿಕ್ಕಿ ಮೂಸಿದೆ, ಠಾಣೆಯ ನಮ್ಮ ಹಳೆಯ ಒಂದೇ ಕೋಣೆಯ ಖೋಲಿ ಕಣ್ಣ ಮುಂದೆ ಬಂತು. ನನ್ನ ಮಗಳು ಹುಟ್ಟಿದಾಗ ಅಮ್ಮ ಉಡುಪಿಯಿಂದ ಒಂದು ಗೋಣಿ ಸೊಪ್ಪು ತಂದು, ಬಾಣಂತಿಯ ಮೈಕೈ ನೋವಿಗೆಂದು ಸ್ನಾನದ ನೀರಿಗೆ ಹಾಕಿ ಕುದಿಸುತ್ತಿದ್ದಳು. ಸಾಲುಮನೆಗಳ ಇಡೀ ಚಾಳಿಗೆ ಆ ಹಬೆಯ ವಾಸನೆ. ಪಕ್ಕದ ಮರಾಠಿ ಅಜ್ಜಿಯೂ ತನ್ನ ಮಂಡಿಗೆಂದು ಒಂದು ಚೊಂಬು ಕೇಳಿ ಒಯ್ಯುತ್ತಿದ್ದಳು.

ನನ್ನದು ಹೋಟೆಲಿನ ಕೈ. ಸ್ವಲ್ಪ ಎಂಬುದು ಬರುವುದೇ ಇಲ್ಲ. ಚೀಲ ತುಂಬ ಸೊಪ್ಪು ಕೊಯ್ದು ತಂದು, ಮುಕ್ಕಾಲು ಪಾಲನ್ನು ಚಟ್ನಿಯಂತೆ ರುಬ್ಬಿ, ಬಿಸಿ ಮಾಡಿ, ಭುಜಕ್ಕೆ ದಪ್ಪಗೆ ಮೆತ್ತಿ, ಬೆಳಗಿನಿಂದ ಸಂಜೆಯವರೆಗೆ ಬಟ್ಟೆ ಕಟ್ಟಿಕೊಂಡು ಕೂತೆ. ಬಿಚ್ಚಿದರೆ ಚರ್ಮ ಕೆಂಪಾಗಿ ಗುಳ್ಳೆ ಎದ್ದಿತ್ತು.

“ಒಂದು ಭುಜಕ್ಕೆ ಬಕೆಟ್ ತುಂಬ ರುಬ್ಬಿದ್ದೀರಲ್ಲ ಮಾರಾಯ್ರೆ, ಗಿರಾಕಿ ಎಷ್ಟು ಜನ?” ಎಂದಳು ಹೆಂಡತಿ.

ಉಳಿದ ಸೊಪ್ಪಿನ ಕಷಾಯ ಮಾಡಿ ಕುಡಿಯಲು ಹೊರಟಿದ್ದೆ. ಮಗಳು ಲೋಟ ಕಸಿದುಕೊಂಡಳು. “ಅಪ್ಪಾ, ನೀವು ಬಿಪಿ ಗೋಲಿ ತಗೊಳ್ತೀರಿ ನಾ? ಪೆಹಲೇ ಡಾಕ್ಟರ್‌ಗೆ ಕೇಳಿ, ಆಮೇಲೆ ಕುಡೀರಿ.”

ಡಾಕ್ಟರಮ್ಮ ಬೈಯಲಿಲ್ಲ, ನಕ್ಕರು. ಹೊರಗೆ ಹಚ್ಚುವುದಾದರೂ ಮೊದಲು ಮುಂಗೈಗೆ ಚೂರು ಹಚ್ಚಿ ಒಂದು ದಿನ ಕಾಯಬೇಕಿತ್ತು, ಗುಳ್ಳೆ ಮಾಯುವವರೆಗೆ ಸೊಪ್ಪು ಮುಟ್ಟಬಾರದು, ಬಿಪಿ ಮಾತ್ರೆ ತಿನ್ನುವವರು ಕೇಳದೆ ಕಷಾಯ ಕುಡಿಯಬಾರದು ಎಂದರು. ಬಸ್ಸಿನಲ್ಲಿ ಬರುವಾಗ ಹೊಳೆಯಿತು: ಅಮ್ಮನೂ ಮೊದಲ ದಿನ ನನ್ನ ಹೆಂಡತಿಯ ಮುಂಗೈಗೆ ಒಂದೇ ಎಲೆ ತಿಕ್ಕಿ, ಮಾರನೆಯ ದಿನದವರೆಗೆ ಕಾದಿದ್ದಳು. ಅದೊಂದನ್ನು ನಾನು ಮರೆತಿದ್ದೆ.

ಶಾಸ್ತ್ರದ ದಿನ ಗುಳ್ಳೆ ಒಣಗಿತ್ತು, ಭುಜ ಮಾತ್ರ ಹಾಗೇ ಇತ್ತು. ಮಗಳು ನನ್ನನ್ನು ತೊಟ್ಟಿಲ ಪಕ್ಕ ಚಾಪೆಯ ಮೇಲೆ ಕೂರಿಸಿ, ಮಡಿಲಿಗೆ ದಿಂಬು ಇಟ್ಟಳು. “ಎತ್ತೋದು ಬೇಡ ಅಪ್ಪಾ, ಆರಾಮ್ ಸೆ ಕೂತ್ಕೊಳ್ಳಿ.” ದಿಂಬಿನ ಮೇಲೆ ಕೂಸನ್ನು ಮಲಗಿಸಿದಳು. ಎಡಗೈಯಿಂದ ತಲೆಗೆ ಆನಿಕೆ ಕೊಟ್ಟು, ಬಗ್ಗಿ, ಕಿವಿಯಲ್ಲಿ ಹೆಸರು ಹೇಳಿದೆ.

ಕ್ರಮದ ಪ್ರಕಾರ ಮೂರು ಸಲ ಹೇಳಬೇಕು. ನಾನು ಎಷ್ಟು ಸಲ ಹೇಳಿದೆನೋ, ಕೊನೆಗೆ ಹೆಂಡತಿ ಬೆನ್ನು ತಟ್ಟಿದಳು.

“ಸಾಕು, ಅವಳಿಗೆ ಕೇಳಿಸ್ತು.”