ಖಾನೆಗೆ ಮರಳಿದ ನಾಲ್ಕು ಸಾಲು

1961ರಲ್ಲಿ, ಎಂಟನೇ ತರಗತಿಗೆ, ನಾನು ಓದು ನಿಲ್ಲಿಸಿದೆ — ಅದು ನಿಜ. ಯಾರ ನೆರವೂ ಇಲ್ಲದೆ ವಿಜ್ಞಾನ ಕಲಿತವನು ಎಂದು ಈ ಕಾದಂಬರಿಯ ಮೊದಲ ಮುದ್ರಣದಲ್ಲಿ, ನನ್ನ ಫೋಟೋ ಕೆಳಗೆ ಅಚ್ಚಾಗಿದೆಯಲ್ಲ — ಅದು ಸುಳ್ಳು. ಗೊತ್ತಿದ್ದೂ ನಾನೇ ಜೋಡಿಸಿದ ಸುಳ್ಳು.

ನಾನು ದೇವನಹಳ್ಳಿಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವನು. ಲಗ್ನಪತ್ರಿಕೆ, ಬಿಲ್ ಪುಸ್ತಕಗಳ ನಡುವೆ ಉಳಿದ ಹೊತ್ತಿನಲ್ಲಿ, ಚಂದ್ರನಿಗೆ ಹೋಗುವ ಇಬ್ಬರ ಕಥೆ ಬರೆದೆ. ಅಲ್ಲಿನ ಕುಳಿಯಲ್ಲಿ ಒಬ್ಬ ಕೂಗುತ್ತಾನೆ, ಪ್ರತಿಧ್ವನಿ ಬರುತ್ತದೆ — ಹಾಗೆ ಬರೆದಿದ್ದೆ! ಆವತಿಯ ನಂಜುಂಡಯ್ಯ ಮೇಷ್ಟ್ರು, ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು, ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗಾಳಿನೇ ಇಲ್ದಿರೋ ಕಡೆ ಕೂಗಿದ್ರೆ ಯಾವನಿಗೆ ಕೇಳ್ಸುತ್ತೋ? ನಿನ್ ಹೀರೋ ಗಂಟ್ಲು ಹರ್ಕೊಂಡ್ರೂ ಪಕ್ಕದೋನು ಎಲೆಡಿಕೆ ಹಾಕ್ಕೊಂಡು ಕೂತಿರ್ತಾನೆ!"

ಆಮೇಲೆ ಒಂದು ವರ್ಷದ ಭಾನುವಾರಗಳು ಅವರ ಮನೆಯಲ್ಲಿ ಪಾಠ. ಕುಂಬಳಕಾಯಿ ಭೂಮಿ, ನಿಂಬೆಹಣ್ಣು ಚಂದ್ರ. ರೇಡಿಯೋ ಕೆಟ್ಟ ಮೇಲೆ ಒಬ್ಬ ಅರಚುತ್ತಲೇ ಇದ್ದಾನೆ, ಗೆಳೆಯ ತಿರುಗಿ ನೋಡುವುದಿಲ್ಲ — ನೀವೆಲ್ಲ ಮೆಚ್ಚಿ ಕಾಗದ ಬರೆದ ಆ ಅಧ್ಯಾಯ ಹುಟ್ಟಿದ್ದು ಅವರ ನಗುವಿನಿಂದ.

ಅವರನ್ನು ನೆನೆದು ನಾಲ್ಕು ಸಾಲು ಜೋಡಿಸಿಯೂ ಇಟ್ಟಿದ್ದೆ. ಹದಿನಾರು ಪುಟಕ್ಕೆ ಒಂದು ಫಾರಂ. ಕೊನೆಯ ಫಾರಂನಲ್ಲಿ ಉಳಿದದ್ದು ಒಂದೇ ಪುಟ. ಅಷ್ಟರಲ್ಲಿ ಮಾಲೀಕರು ನನ್ನ ಫೋಟೋದ ಬ್ಲಾಕ್ ತಂದರು. "ಯಾರೂ ಹೇಳ್ಕೊಡ್ದೆ ಕಲ್ತೋನು ಅಂತ ಹಾಕ್ಬಿಡು ಗುರು. ಜನ ಮೂಗಿನ್ ಮೇಲೆ ಬೆರಳಿಡ್ತಾರೆ."

ಫೋಟೋ ಕೆಳಗೆ ಮೇಷ್ಟ್ರ ಹೆಸರಿಗೂ ಜಾಗವಿತ್ತು — ಅಳತೆ ನನಗೆ ಗೊತ್ತಿಲ್ಲವೇ? ಆದರೂ ಆ ಸಾಲುಗಳನ್ನು ಬಿಚ್ಚಿದೆ. ಅವರ ಹೆಸರಿನ ಒಂದೊಂದೇ ಅಕ್ಷರವನ್ನು ಮೊಳೆಪೆಟ್ಟಿಗೆಯ ಅದರದರ ಖಾನೆಗೆ ಹಾಕಿದೆ. ಇದೇ ಬೆರಳುಗಳಿಂದ.

ಊರಲ್ಲಿ ಸನ್ಮಾನವಾಯಿತು. ಕೊನೆಯ ಬೆಂಚಿನಲ್ಲಿ ಮೇಷ್ಟ್ರು! ಎದ್ದು ಹೇಳಿಬಿಟ್ಟರೆ... ಹಾರದ ಕೆಳಗೆ ಬೆವೆತುಹೋದೆ. ಅವರು ಏಳಲಿಲ್ಲ. ಹೊರಗೆ ಸೈಕಲ್ ಹತ್ತಿರ ಸಿಕ್ಕಾಗ, ಕೇಳುವ ಮೊದಲೇ ನಾನು ಬಾಯಿಬಿಟ್ಟೆ: "ಜಾಗ ಇರ್ಲಿಲ್ಲ ಸಾ."

"ಚಂದ್ರನ ಮೇಲೆ ಇಬ್ರಿಗೆ ಜಾಗ ಮಾಡ್ದೆ," ಎಂದರು. "ಪುಟದಲ್ಲಿ ಇಬ್ರಿಗೆ ಆಗ್ಲಿಲ್ವೇನಪ್ಪಾ?"

ಎಂಟು ವರ್ಷವಾಯಿತು. ಆವತಿ ಕಡೆ ಸೈಕಲ್ ತಿರುಗಿಸಿಲ್ಲ. ಆ ಊರಿನವರು ಯಾರಾದರೂ ಪ್ರೆಸ್ಸಿಗೆ ಬಂದರೆ ಇಂದಿಗೂ ಮೊಳೆ ಕೈಜಾರುತ್ತದೆ.

ಈಗ ಎರಡನೇ ಮುದ್ರಣ. ಫೋಟೋ ತೆಗೆದು ಆ ಪುಟಕ್ಕೆ ಈ ಬರಹವನ್ನು ಜೋಡಿಸಿದ್ದೇನೆ. ಅವರಿಗೆ ಓದಿ ಹೇಳದೆ ಅಚ್ಚಿಗೆ ಕೊಡಲಾರೆ. ಬೇಡ ಅಂದರೆ? ಬಾಗಿಲಲ್ಲೇ ನಿಲ್ಲಿಸಿದರೆ? ಮೂರು ದಿನದಿಂದ ಹೊರಡುತ್ತಿದ್ದೇನೆ — ನಮ್ಮೂರ ಕೋಟೆ ದಾಟುವಷ್ಟರಲ್ಲಿ ವಾಪಸ್ಸು. ನಾಳೆ ಭಾನುವಾರ. ಹೋಗುತ್ತೇನೆ.

ಈಗ ನನ್ನ ಬಳಿ ಇರುವುದು: ನನ್ನ ಹೆಸರಿನ ಕಾದಂಬರಿಯ ಪ್ರತಿ ಆರು, ಸನ್ಮಾನದ ಶಾಲು ಎರಡು, ಆ ಭಾನುವಾರಗಳಲ್ಲಿ ಮೇಷ್ಟ್ರು ಕೈಯಾರೆ ಬರೆದುಕೊಟ್ಟ ನೋಟ್‌ಬುಕ್ಕು ಒಂದು. ಅವರ ಹೆಸರಿರುವ ಪುಟ ಒಂದು — ಅದೂ ಇನ್ನೂ ಪ್ರೂಫು.